ಹದಿನೇಳನೇ ನಂಬರು

ಇಲ್ಲಿ ಬೆಳಗಿನ ಮೊದಲ ಕೆಲಸ
ಊರಿನ ಚಳಿ ನೋಡುವುದು.
ಫೋನನ್ನು ಮೂಗಿಗೆ ತಾಗಿಸಿಕೊಂಡು ಎಮಿಲ್ ಕೂಗುತ್ತಾನೆ:
'ಮೈನಸ್ ಇಪ್ಪತ್ತಾರು!'
ಚಡ್ಡಿ ತೊಟ್ಟ ಮುದುಕರೆಲ್ಲ
ಲಾಟರಿ ಹೊಡೆದವರ ಹಾಗೆ ನಗುತ್ತೇವೆ.
ಆಮೇಲೆ ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ.
ಅಲ್ಲಿ ನಲ್ಲಿ ಒಡೆದಿರಬಹುದು,
ಪಕ್ಕದ ಮನೆಯ ಹುಡುಗ ಹಿಮ ಗೋರಿದನೋ ಇಲ್ಲವೋ.

ಟೆಕ್ಸಸ್ಸಿನ ಈ ಕೊಲ್ಲಿಯ ದಂಡೆಗೆ
ತೊಂಬತ್ತು ಗಾಡಿಮನೆ, ತೊಂಬತ್ತು ಪೈಪು,
ತೊಂಬತ್ತು ಹಲಗೆ:
ಗಂಡನ ಹೆಸರು, ಹೆಂಡತಿಯ ಹೆಸರು, ಊರು.
ಮರ ಸುಟ್ಟು ಅಕ್ಷರ ಬರೆಯುವವನು ನಾನು.
ನಾರ್ತ್ ಡಕೋಟದಲ್ಲಿ ಮೂವತ್ತೆಂಟು ವರ್ಷ ಅಂಚೆ ಹಂಚಿದ್ದೇನೆ,
ಒಂದು ಹೆಸರೂ ತಪ್ಪು ಓದಿದವನಲ್ಲ.
ಹಲಗೆಗೆ ಹನ್ನೆರಡು ಡಾಲರ್.
ಹೆಸರು ಅಳಿಸುವುದಕ್ಕೆ ಕಾಸು ಮುಟ್ಟುವುದಿಲ್ಲ,
ಉಜ್ಜುಕಾಗದವೂ ನನ್ನದೇ.

ಹದಿನೇಳನೇ ನಂಬರು ನವೆಂಬರಿನಿಂದ ಖಾಲಿ.
ವರ್ಲಿನ್ ಹೋದ ಸುದ್ದಿ ಮೇ ತಿಂಗಳಲ್ಲೇ
ಕಾರ್ಡಿನಲ್ಲಿ ಬಂದಿತ್ತು.
ಆಫೀಸಿನವಳು ಆ ಜಾಗ ಯಾರಿಗೂ ಕೊಡಲಿಲ್ಲ.
ಕೇಳಿದವರಿಗೆ 'ಅಲ್ಲಿ ಕರೆಂಟಿನ ತೊಂದರೆ' ಅಂದಳು.
ಕರೆಂಟು ಚೆನ್ನಾಗಿಯೇ ಇತ್ತು.

ಕ್ರಿಸ್‌ಮಸ್ಸಿಗೆ ಎರಡು ದಿನ. ಮಧ್ಯಾಹ್ನ
ಕುದುರೆಲಾಳ ಎಸೆಯುತ್ತ ಜಗಳಾಡುತ್ತಿದ್ದೆವು.
ಗೇಟಿನಲ್ಲಿ ಮೂವತ್ತೆರಡು ಅಡಿಯ ಗಾಡಿ,
ಬಾಗಿಲ ಕೆಳಗೆ ಐದು ರಾಜ್ಯದ ರಸ್ತೆಯ ಉಪ್ಪು.
ಸ್ಟಿಯರಿಂಗಿನ ಹಿಂದೆ, ದಿಂಬಿನ ಮೇಲೆ,
ಆರ್ಡಿತ್.
ಹನ್ನೊಂದು ಚಳಿಗಾಲ ಬಲಗಡೆ ಕೂತು ನಕ್ಷೆ ಮಡಚಿದವಳು,
ಕಿತ್ತಳೆ ಸುಲಿದು ಒಂದೊಂದೇ ತೊಳೆ
ಅವನ ಬಾಯಿಗಿಟ್ಟವಳು.

ಗಾಡಿಮನೆ ಮುಂದಕ್ಕೆ ಯಾರಾದರೂ ಓಡಿಸಿಯಾರು.
ಹಿಂದಕ್ಕೆ ಬಿಡುವುದು ವಿದ್ಯೆ.
ಎಮಿಲ್ ಎಡಕ್ಕೆ ಅಂದ, ಡೆಲ್ಮರ್ ಬಲಕ್ಕೆ ಅಂದ,
ನಾನು ಎರಡೂ ಕೈ ಎತ್ತಿ
ವಿಮಾನ ಇಳಿಸುವವನ ಹಾಗೆ ನಿಂತೆ.
ಅವಳು ಎಂಜಿನ್ ಆರಿಸಿ ಇಳಿದು ಬಂದಳು.
ಒಬ್ಬೊಬ್ಬರ ಮೊಣಕಾಲು ವಿಚಾರಿಸಿದಳು, ಸಕ್ಕರೆ ವಿಚಾರಿಸಿದಳು.
'ಸರಿ, ಈಗ ಪಕ್ಕಕ್ಕೆ ಹೋಗಿ.
ನನಗೆ ಎರಡು ಕನ್ನಡಿ ಸಾಕು.'

ಪಕ್ಕಕ್ಕೆ ಹೋಗಿ, ಬೆನ್ನು ತಿರುಗಿಸಿ,
ಕೊಲ್ಲಿ ನೋಡುತ್ತ ನಿಂತೆವು.
ಪೆಲಿಕನ್ನೊಂದು ಚೀಲ ಎಸೆದ ಹಾಗೆ ನೀರಿಗೆ ಬಿತ್ತು.
ಹಿಂದೆ ಬೀಪ್, ಬೀಪ್,
ಪ್ಲಾಸ್ಟಿಕ್ ಮುರಿದ ಸದ್ದು,
ಮತ್ತೆ ಬೀಪ್.
ಬ್ರೇಕಿನ ನಿಟ್ಟುಸಿರು.
ತಿರುಗಿದರೆ ಗಾಡಿ ಗೆರೆಗಳ ನಟ್ಟನಡುವೆ,
ಚಕ್ರದ ಕೆಳಗೆ ಲವಾನ್‌ಳ ಗುಲಾಬಿ ಫ್ಲೆಮಿಂಗೊ.
ಲವಾನ್ ಚಪ್ಪಾಳೆ ತಟ್ಟಿದಳು:
'ನಾದಿನಿ ಕೊಟ್ಟದ್ದು. ಎಸೆಯಲು
ಎರಡು ವರ್ಷದಿಂದ ನೆಪ ಹುಡುಕುತ್ತಿದ್ದೆ!'

ಹಬ್ಬದ ಹಿಂದಿನ ಸಂಜೆ ತಾಳೆಮರಗಳಿಗೆ ದೀಪದ ಸರ.
ಹಾಲಿನಲ್ಲಿ ಸಿಗಡಿಯ ಕೊಪ್ಪರಿಗೆ,
ಬೆಣ್ಣೆ ಸಕ್ಕರೆ ಸವರಿ ಸುತ್ತಿದ ಆಲೂಗಡ್ಡೆ ರೊಟ್ಟಿ,
ಅವಳೇ ಲಟ್ಟಿಸಿದ್ದು.
ವರ್ಲಿನ್ ಕೂರುತ್ತಿದ್ದ ಕುರ್ಚಿಯ ಮೇಲೆ
ಯಾರೋ ಟೋಪಿ ಇಟ್ಟರು, ಯಾರೋ ತೆಗೆದರು.
ಅವಳು ಬಂದು ಅದರಲ್ಲೇ ಕೂತು
ಸಿಗಡಿ ಸುಲಿಯತೊಡಗಿದಳು.

ಮರುದಿನ ಹಲಗೆ ಕಂಕುಳಲ್ಲಿ ಇರುಕಿಕೊಂಡು ಬಂದಳು.
ಉಜ್ಜುಕಾಗದ ಮೊದಲೇ ತೆಗೆದಿಟ್ಟಿದ್ದೆ.
'ಅದ್ಯಾಕೆ?' ಅಂದಳು.
'ಅವನ ಹೆಸರು ಇರಲಿ, ಊರು ಇರಲಿ.
ನನ್ನ ಹೆಸರಿನ ಕೆಳಗೆ ಸೇರಿಸು:
ಡ್ರೈವರ್.'

ಕಡ್ಡಿ ಕಾಯಿತು. ಪೈನ್ ಮರದ ಹೊಗೆ.
ಮೊದಲ ಅಕ್ಷರ ಸ್ವಲ್ಪ ದಪ್ಪಗೆ ಬಿತ್ತು.
'ಊರಲ್ಲಿ ಎಷ್ಟಿದೆ ಇವತ್ತು?'
ಫೋನು ನೋಡಿದೆ. ಮೈನಸ್ ಮೂವತ್ತೊಂದು.
ಅವನಿಗೆ ಚಳಿ ಕಂಡರೆ ಆಗುತ್ತಿರಲಿಲ್ಲ,
ಜೂನಿನಲ್ಲೂ ಕಾಲುಚೀಲ ಹಾಕಿ ಮಲಗುತ್ತಿದ್ದನಂತೆ.
'ಪರವಾಗಿಲ್ಲ,' ಅಂದೆ, 'ತುಸು ಬೆಚ್ಚಗಾಗಿದೆ.'

ಅವಳು ಹನ್ನೆರಡು ಡಾಲರ್ ಎಣಿಸಿ ಮೇಜಿನ ಮೇಲಿಟ್ಟಳು.
ಬಾಗಿಲಲ್ಲಿ ನಿಂತು ಅಂದಳು:
'ಅಂಚೆಯವನು ಓದುವಾಗ ಸುಳ್ಳು ಹೇಳಬಾರದು.'